ಮಾಫಿ ಸಾಕ್ಷಿಯ ಕಾದಂಬರಿ

ಕಲಬುರಗಿ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವುದು ನನ್ನ ವೃತ್ತಿ. ಮಾಫಿ ಸಾಕ್ಷಿ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನ ಸೇರಿ ಒಂದು ಅಪರಾಧ ಮಾಡುತ್ತಾರೆ. ಸಿಕ್ಕಿಬಿದ್ದ ಮೇಲೆ ಅವರಲ್ಲೊಬ್ಬ, ನನ್ನನ್ನು ಬಿಟ್ಟರೆ ಉಳಿದವರ ಬಗ್ಗೆ ಎಲ್ಲ ಹೇಳುತ್ತೇನೆ ಅನ್ನುತ್ತಾನೆ. ಕೋರ್ಟು ಅವನಿಗೆ ಮಾಫಿ ಕೊಟ್ಟು ಸಾಕ್ಷಿಯಾಗಿ ಕಟಕಟೆ ಹತ್ತಿಸುತ್ತದೆ. ಇಂಥವನ ಮಾತನ್ನು ಎಷ್ಟು ನಂಬಬೇಕು, ಎಲ್ಲಿ ತಡೆದು ಕೇಳಬೇಕು ಅನ್ನುವುದು ನಮಗೆ ದಿನಾ ಬರುವ ಪ್ರಶ್ನೆ. ಅದೇ ಪ್ರಶ್ನೆ ಇಟ್ಟುಕೊಂಡು ಸುಮಾರು ಇನ್ನೂರು ವರ್ಷ ಹಳೆಯ ಒಂದು ಕಾದಂಬರಿ ಓದಿದೆ. ಓದುತ್ತಾ ಎಲ್ಲೆಲ್ಲಿಗೆ ಹೋದೆ ಅನ್ನೋದನ್ನು ಬರೆಯುತ್ತಿದ್ದೇನೆ.

ಕಾದಂಬರಿಯ ಹೆಸರು ‘ಕನ್ಫೆಷನ್ಸ್ ಆಫ್ ಎ ಥಗ್’, ಅಂದರೆ ಒಬ್ಬ ಥಗ್ಗನ ತಪ್ಪೊಪ್ಪಿಗೆ. ಥಗ್ಗರು ಅಂದರೆ ದಾರಿಹೋಕರ ಸ್ನೇಹ ಮಾಡಿ, ಕತ್ತು ಹಿಸುಕಿ ಕೊಂದು ದೋಚುತ್ತಿದ್ದ ಗುಂಪಿನವರು. ಬರೆದವನು ನಿಜಾಮನ ಚಾಕರಿಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ವಿಕ್ಟೋರಿಯಾ ರಾಣಿ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳು ಅಂತ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮ್ಮ ಕಡೆಯವರಿಗೆ ಟೇಲರ್ ಹೆಸರು ಹೊಸದೇನಲ್ಲ. ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ನೋಡದವರೂ ಅದರ ಹೆಸರು ಕೇಳಿರುತ್ತಾರೆ. ಆದರೆ ಸುರಪುರದ ಟೇಲರನಿಗೂ ಥಗ್ಗರ ಕಥೆ ಬರೆದ ಟೇಲರನಿಗೂ ನಂಟು ಹಾಕಿ ಓದಿದವರು ಕಡಿಮೆ. ನಾನು ಅಲ್ಲಿಂದಲೇ ಶುರು ಮಾಡಿದೆ.

ಪುಸ್ತಕದ ಹಕ್ಕು ಯಾವತ್ತೋ ಮುಗಿದಿದೆ. ಹಳೆಯ ಪ್ರತಿಯ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊಬೈಲಿನಲ್ಲಿ ಓದಲು ಕಣ್ಣು ಸೋಲುತ್ತದೆ. ಹಾಗಾಗಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕೇಸಿನ ಫೈಲಿನ ಹಾಗೆ ದಾರ ಹಾಕಿ ಕಟ್ಟಿಸಿದೆ. ಆ ಕಾಲದ ಇಂಗ್ಲಿಷ್ ವಾಕ್ಯ ಅರ್ಧ ಪುಟ ಓಡುತ್ತವೆ. ಊರಿನ ಹೆಸರುಗಳ ಸ್ಪೆಲ್ಲಿಂಗ್ ಬೇರೆಯೇ ಇರುತ್ತದೆ. ಗಟ್ಟಿಯಾಗಿ ಓದಿದರೆ ಕಿವಿಗೆ ಊರು ಸಿಗುತ್ತದೆ. ಹಾಗೇ ಓದಿದೆ, ರಾತ್ರಿ ಊಟವಾದ ಮೇಲೆ, ಮನೆಯವರು ಮಲಗಿದ ಮೇಲೆ.

ಕಥೆ ಹೇಳುವವನು ಅಮೀರ್ ಅಲಿ. ಜೈಲಿನಲ್ಲಿ ಕೂತು ಒಬ್ಬ ಸಾಹೇಬನಿಗೆ ತನ್ನ ಬದುಕನ್ನೆಲ್ಲ ಹೇಳುತ್ತಾನೆ. ಅವನು ಹುಟ್ಟಾ ಥಗ್ ಅಲ್ಲ, ಪಠಾಣನೊಬ್ಬನ ಮಗ. ಚಿಕ್ಕ ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಪ್ರಯಾಣ ಹೊರಟಾಗ ಥಗ್ಗರ ಗುಂಪು ದಾರಿಯಲ್ಲಿ ಅವರನ್ನು ಕೊಲ್ಲುತ್ತದೆ. ಗುಂಪಿನ ಗಣೇಶ ಹುಡುಗನನ್ನೂ ಮುಗಿಸೋಣ ಅನ್ನುತ್ತಾನೆ. ನಾಯಕ ಇಸ್ಮಾಯಿಲ್ ತಡೆದು ತನ್ನ ಮಗನಂತೆ ಸಾಕುತ್ತಾನೆ. ಹುಡುಗ ದೊಡ್ಡವನಾಗಿ ರುಮಾಲು ಹಿಡಿಯುತ್ತಾನೆ. ದಾರಿಯಲ್ಲಿ ಸಿಕ್ಕ ಪ್ರಯಾಣಿಕರ ಜೊತೆ ಸ್ನೇಹ ಬೆಳೆಸುವುದು, ಒಟ್ಟಿಗೆ ಉಣ್ಣುವುದು, ಹಾಡು ಕೇಳುವುದು, ನಂಬಿಕೆ ಬಂದ ಮೇಲೆ ‘ತಂಬಾಕು ತನ್ನಿ’ ಅಂತ ಯಾರೋ ಕೂಗುವುದು. ಆ ಕೂಗೇ ಸನ್ನೆ. ಹಿಂದೆ ನಿಂತವನ ರುಮಾಲು ಕುತ್ತಿಗೆಗೆ ಬೀಳುತ್ತದೆ. ಗುಂಡಿ ಮೊದಲೇ ತೋಡಿ ಇಟ್ಟಿರುತ್ತಾರೆ.

ಟೇಲರನ ಕೈ ಚೆನ್ನಾಗಿದೆ, ಅದರಲ್ಲಿ ಅನುಮಾನವಿಲ್ಲ. ಸಬ್ಜಿ ಖಾನ್ ಅಂತ ಒಬ್ಬ ಮುದಿ ನವಾಬ ಬರುತ್ತಾನೆ. ಯುದ್ಧ ಮಾಡಿ ಹೆಸರು ಗಳಿಸಿದವನು, ಭಂಗಿ ಸೊಪ್ಪು ಅಂದರೆ ಪ್ರಾಣ, ಅದಕ್ಕೆ ಸಬ್ಜಿ ಅಂತಲೂ ಅನ್ನುತ್ತಾರೆ, ಆ ಹೆಸರು ಬಂದದ್ದೂ ಅದರಿಂದಲೇ. ಬಾಯ್ತುಂಬ ಮಾತಾಡುತ್ತಾನೆ, ಅಮೀರ್ ಅಲಿಯನ್ನು ಮೆಚ್ಚಿಕೊಳ್ಳುತ್ತಾನೆ. ಅವನು ಸಾಯುವ ಪುಟ ಬರುವಷ್ಟರಲ್ಲಿ ನನಗೆ ಆ ಮುದುಕನ ಮೇಲೆ ಪ್ರೀತಿ ಬಂದಿತ್ತು. ಕೊಂದವನ ಮೇಲೂ ಸಿಟ್ಟು ಬಂದಿರಲಿಲ್ಲ. ಮುಂದೆ ಏನಾಯಿತು ಹೇಳು ಅಂತಲೇ ಮನಸ್ಸು ಕೇಳುತ್ತಿತ್ತು. ಕಥೆ ಹೇಳುವವನು ಕಣ್ಣೆದುರು ಬದುಕಿರುತ್ತಾನೆ, ಸತ್ತವನು ಸತ್ತಿರುತ್ತಾನೆ. ಕಟಕಟೆಯಲ್ಲೂ ಹೀಗೇ ಆಗುತ್ತದೆ. ಚೆನ್ನಾಗಿ ಮಾತಾಡುವ ಮಾಫಿ ಸಾಕ್ಷಿ ಕೋರ್ಟ್ ಹಾಲನ್ನೇ ತನ್ನ ಕಡೆ ಎಳೆದುಕೊಂಡದ್ದನ್ನು ನೋಡಿದ್ದೇನೆ.

ಅದಕ್ಕೇ ಎರಡನೇ ಸಲ ಓದುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಸತ್ತವರು ಯಾರು, ಎಲ್ಲಿ, ಅಮೀರ್ ಅಲಿಯನ್ನು ಬಿಟ್ಟು ನೋಡಿದವರು ಯಾರು ಅಂತ ಬರೆಯುತ್ತಾ ಹೋದೆ. ಒಟ್ಟು 719 ಕೊಲೆಯಲ್ಲಿ ತನ್ನ ಕೈ ಇದೆ ಅನ್ನುತ್ತಾನೆ ಅಮೀರ್ ಅಲಿ. ಹನ್ನೆರಡು ವರ್ಷ ಜೈಲಿನಲ್ಲಿ ಕಳೆಯದೇ ಇದ್ದಿದ್ದರೆ ಸಾವಿರ ದಾಟುತ್ತಿತ್ತು ಅಂತ ಕೊರಗುತ್ತಾನೆ ಬೇರೆ. ನನ್ನ ನೋಟ್‌ಬುಕ್ಕಿನಲ್ಲಿ ಹೆಸರು ಬಂದದ್ದು ಬೆರಳೆಣಿಕೆಯಷ್ಟು ಜನರದು. ಉಳಿದವರು ಒಬ್ಬ ಸಾಹುಕಾರ, ಇಬ್ಬರು ಸಿಪಾಯಿಗಳು, ಏಳು ಜನ ಪ್ರಯಾಣಿಕರು, ಹೀಗೆ. ಒಬ್ಬ ಹೆಂಗಸೂ ಇದ್ದಾಳೆ. ಅವಳು ಅಮೀರ್ ಅಲಿಯ ಸ್ವಂತ ತಂಗಿ. ಕೊಂದಾಗ ಅವನಿಗೆ ಗೊತ್ತಿರಲಿಲ್ಲ, ಬಹಳ ದಿನದ ಮೇಲೆ ಗೊತ್ತಾಗುತ್ತದೆ. ಪುಸ್ತಕದಲ್ಲಿ ಅವನು ನಿಜವಾಗಿ ಕುಸಿಯುವುದು ಅಲ್ಲೇ. ಉಳಿದ ಹೆಣಗಳಿಗೆ ಸಿಗದ ಕಣ್ಣೀರು ಅವಳಿಗೆ ಸಿಕ್ಕಿತು. ಉಳಿದವರೂ ಯಾರದೋ ತಂಗಿ, ಯಾರದೋ ಅಪ್ಪ ಅಲ್ವಾ?

ಈಗ ಪುರಾವೆಯ ಮಾತು. ಮುನ್ನುಡಿಯಲ್ಲಿ ಟೇಲರ್, ಇದೆಲ್ಲ ಹೆಚ್ಚುಕಡಿಮೆ ನಿಜ, ಘಟನೆಗಳನ್ನು ಹೊಂದಿಸಲಿಕ್ಕೆ ಮಾತ್ರ ಕಲ್ಪನೆ ಸೇರಿಸಿದ್ದೇನೆ ಅಂತ ಬರೆಯುತ್ತಾನೆ. ಅಮೀರ್ ಅಲಿ ಅನ್ನುವವನು ತನಗೆ 1832ರಲ್ಲಿ ಗೊತ್ತಾದವನು, ಸಾಗರದಿಂದ ನಿಜಾಮನ ಸೀಮೆಗೆ ಕಳಿಸಿದ ಮಾಫಿ ಸಾಕ್ಷಿಗಳಲ್ಲಿ ಒಬ್ಬ, ಅನ್ನುತ್ತಾನೆ. ಇದು ಮಧ್ಯಪ್ರದೇಶದ ಸಾಗರ, ನಮ್ಮ ಮಲೆನಾಡಿನದಲ್ಲ. ಟೇಲರ್ ಹದಿನೈದನೇ ವಯಸ್ಸಿಗೆ ಮುಂಬೈಗೆ ಬಂದು, ನಿಜಾಮನ ಸೈನ್ಯ ಸೇರಿ, ಉರ್ದು ಪರ್ಷಿಯನ್ ಕಲಿತವನು. ಸಾಕ್ಷಿಗಳ ಮಾತನ್ನು ದುಭಾಷಿ ಇಲ್ಲದೆ ತಾನೇ ಕೇಳಬಲ್ಲವನು. 1820ರ ದಶಕದ ಕೊನೆಗೆ ನಿಜಾಮನ ಪಶ್ಚಿಮದ ಸೀಮೆಯಲ್ಲಿ ಪೊಲೀಸ್ ಕೆಲಸವನ್ನೂ ಮಾಡಿದ್ದ. ಆಗಲೇ ದಾರಿಯಲ್ಲಿ ಗುರುತು ಸಿಗದ ಹೆಣಗಳು ಬೀಳುತ್ತಿದ್ದವಂತೆ. ಬೆನ್ನು ಹತ್ತುವಷ್ಟರಲ್ಲಿ ಅವನನ್ನು ರೆಜಿಮೆಂಟಿಗೆ ವಾಪಸ್ ಕರೆದರು. ಅಲ್ಲೇ ಇದ್ದಿದ್ದರೆ ಥಗ್ಗರನ್ನು ಮೊದಲು ಬಯಲಿಗೆ ತಂದವನು ನಾನೇ ಆಗುತ್ತಿದ್ದೆ ಅನ್ನುವ ಕೊರಗು ಅವನಿಗೆ ಕೊನೆವರೆಗೂ ಇತ್ತು.

ಆ ಹೆಸರು ಥಗ್ಗರನ್ನು ಹಿಡಿಯುವ ಕೆಲಸ ನಡೆಸಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್‌ಗೆ ಹೋಯಿತು. ಅವನು 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ ‘ರಾಮಸೀಯಾನ’ ನನ್ನ ಓದಿನ ಎರಡನೇ ಫೈಲು. ಥಗ್ಗರ ಗುಪ್ತ ಮಾತುಗಳ ಪಟ್ಟಿ ಅದರಲ್ಲಿದೆ, ಸಾಕ್ಷಿಗಳ ಜೊತೆಗಿನ ಪ್ರಶ್ನೋತ್ತರಗಳಿವೆ. ಈ ಪ್ರಶ್ನೋತ್ತರ ಸಿಕ್ಕ ದಿನ ನನಗೆ ಹಬ್ಬ. ಕಾದಂಬರಿಯಲ್ಲಿ ಸಾಹೇಬ ಹೆಚ್ಚಾಗಿ ಸುಮ್ಮನೆ ಕೇಳುತ್ತಾನೆ. ಅಮೀರ್ ಅಲಿಯ ಮಾತು ತಾನಾಗಿ ಹರಿಯುತ್ತದೆ. ಸ್ಲೀಮನ್ ಪುಸ್ತಕದಲ್ಲಿ ಪ್ರಶ್ನೆ ಕಾಣುತ್ತದೆ. ಪ್ರಶ್ನೆ ಕಂಡರೆ ಉತ್ತರ ಯಾಕೆ ಹಾಗೆ ಬಂತು ಅನ್ನೋದೂ ಕಾಣುತ್ತದೆ.

ಬೆಲ್ಲದ ವಿಷಯ ತಗೊಳ್ಳಿ. ಕೊಲೆ ಮುಗಿದ ಮೇಲೆ ಥಗ್ಗರು ಕಂಬಳಿ ಹಾಸಿ ಕೂತು, ದೇವಿಯ ಹೆಸರಿನಲ್ಲಿ ಬೆಲ್ಲ ಹಂಚಿ ತಿನ್ನುತ್ತಿದ್ದರು. ಅದಕ್ಕೆ ತುಪೋನಿ ಅನ್ನುತ್ತಿದ್ದರು. ನಿಮಗೆ ಕರುಣೆ ಅನ್ನೋದೇ ಬರೋದಿಲ್ಲವೇ ಅಂತ ಸ್ಲೀಮನ್ ಕಡೆಯಿಂದ ಪ್ರಶ್ನೆ ಬರುತ್ತದೆ. ಫಿರಂಗಿಯಾ ಅನ್ನುವ ನಾಯಕ ಉತ್ತರ ಕೊಡುತ್ತಾನೆ. ಕರುಣೆ ಎಲ್ಲರಿಗೂ ಬರುತ್ತದೆ, ಆದರೆ ತುಪೋನಿ ಬೆಲ್ಲ ತಿಂದವನ ಸ್ವಭಾವ ಬದಲಾಗುತ್ತದೆ, ಕುದುರೆಗೆ ತಿನ್ನಿಸಿದರೆ ಅದರ ಸ್ವಭಾವವೂ ಬದಲಾದೀತು ಅನ್ನೋದು ಅದರ ಸಾರ. ಎಂಥ ಮಾತು ನೋಡಿ. ಓದಿದರೆ ಮರೆಯಲಾಗುವುದಿಲ್ಲ. ವಕೀಲನಾಗಿ ಮಾತ್ರ ನನಗೆ ಇನ್ನೊಂದು ಕಂಡಿತು. ತಪ್ಪು ನನ್ನದಲ್ಲ, ಬೆಲ್ಲದ್ದು ಅಂತ ಆರೋಪಿ ಹೇಳುತ್ತಿದ್ದಾನೆ. ಕೇಳುವ ಸಾಹೇಬನಿಗೂ ಇಂಥ ಉತ್ತರವೇ ಬೇಕಾಗಿದೆ, ಯಾಕೆಂದರೆ ಇದು ದೇವಿಯ ಹೆಸರಿನ ಗುಪ್ತ ಪಂಥ ಅಂತ ಅವನು ಮೇಲಿನವರಿಗೆ ಬರೆಯುತ್ತಿದ್ದ. ಇಬ್ಬರಿಗೂ ಅನುಕೂಲವಾದ ಮಾತನ್ನು ಪಾಟಿ ಸವಾಲಿಗೆ ಒಡ್ಡುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಹಾಗಾದರೆ ಥಗ್ಗರು ಇರಲೇ ಇಲ್ಲವೇ? ಹಾಗೆ ವಾದಿಸಿದ ಇತಿಹಾಸಕಾರರು ಇದ್ದಾರೆ. ಬ್ರಿಟಿಷರು ತಮ್ಮ ಆಳ್ವಿಕೆ ಸಮರ್ಥಿಸಿಕೊಳ್ಳಲು ಕಟ್ಟಿದ ಕಥೆ ಅಂತ. ನಾನು ಒಪ್ಪುವುದಿಲ್ಲ. ಕಾರಣ ನೆಲದೊಳಗಿನ ಹೆಣಗಳು. ಫಿರಂಗಿಯಾ 1830ರ ಕೊನೆಯಲ್ಲಿ ಸಿಕ್ಕಿದ. ಅವನ ತಾಯಿ, ಹೆಂಡತಿ, ಮಗುವನ್ನು ಮೊದಲೇ ಹಿಡಿದಿಟ್ಟುಕೊಂಡಿದ್ದರು, ಅವರನ್ನು ಬಿಟ್ಟು ಅವನು ದೂರ ಹೋಗಲಾರ ಅಂತ. ಜೀವ ಉಳಿಸಿದರೆ ತೋರಿಸುತ್ತೇನೆ ಅಂದ. ಸಲೋಧಾ ಅನ್ನುವ ಊರಿನ ಮಾವಿನ ತೋಪಿನಲ್ಲಿ ಸ್ಲೀಮನ್ ಡೇರೆ ಹಾಕಿದ್ದ. ಅದೇ ತೋಪಿನಲ್ಲಿ ಫಿರಂಗಿಯಾ ಮೂರು ಜಾಗ ತೋರಿಸಿದ. ಒಬ್ಬ ಪಂಡಿತ ಮತ್ತು ಅವನ ಆರು ಜನ ಆಳುಗಳು, 1818ರಲ್ಲಿ ಕೊಂದದ್ದು, ಡೇರೆಯ ಹಗ್ಗ ಕಟ್ಟಿದ ಜಾಗದಲ್ಲಿ. ಒಬ್ಬ ಹವಾಲ್ದಾರ ಮತ್ತು ನಾಲ್ಕು ಸಿಪಾಯಿಗಳು, 1824ರಲ್ಲಿ, ಕುದುರೆ ಕಟ್ಟಿದ ಜಾಗದ ಕೆಳಗೆ. ಗಂಗಾಜಲ ಹೊತ್ತು ಹೋಗುತ್ತಿದ್ದ ನಾಲ್ಕು ಬ್ರಾಹ್ಮಣರು ಮತ್ತು ಒಬ್ಬ ಹೆಂಗಸು, ಸ್ಲೀಮನ್ ಮಲಗುವ ಡೇರೆಯ ಒಳಗೇ. ಅಗೆದರು, ಸಿಕ್ಕವು.

ಇದನ್ನೇ ನಾವು ಪುಷ್ಟಿ ಅನ್ನುವುದು. ಆರೋಪಿಗೆ ಮಾತ್ರ ಗೊತ್ತಿರಬಹುದಾದ ಜಾಗದಿಂದ ವಸ್ತು ಸಿಕ್ಕರೆ ಅದಕ್ಕೆ ಬೆಲೆ ಇದೆ. 1872ರ ಎವಿಡೆನ್ಸ್ ಆ್ಯಕ್ಟ್ ಇದನ್ನು ಮುಂದೆ ಕಾನೂನಾಗಿ ಬರೆಯಿತು. ಅಪರಾಧದಲ್ಲಿ ಪಾಲುಗಾರನಾದವನ ಮಾತಿಗೆ ಮುಖ್ಯ ಸಂಗತಿಗಳಲ್ಲಿ ಪುಷ್ಟಿ ಇಲ್ಲದಿದ್ದರೆ ಅದು ನಂಬಲು ಯೋಗ್ಯವಲ್ಲ ಅಂತ ಕೋರ್ಟು ಭಾವಿಸಬಹುದು ಅಂತಲೂ ಅದರಲ್ಲಿತ್ತು. ಒಬ್ಬ ಪಾಲುಗಾರನ ಮಾತಿಗೆ ಇನ್ನೊಬ್ಬ ಪಾಲುಗಾರನ ಮಾತು ಪುಷ್ಟಿಯಾಗುವುದಿಲ್ಲ. ಅಮೀರ್ ಅಲಿಯ 719ನ್ನು ಬೇರೆ ಮಾಫಿ ಸಾಕ್ಷಿಗಳೂ ಹೌದು ಅಂದಿದ್ದಾರೆ ಅಂತ ಟೇಲರ್ ಬರೆದಿದ್ದಾನಲ್ಲ, ಅದು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ನನ್ನ ತೀರ್ಮಾನ ಇಷ್ಟು: ಕೊಲೆಗಳು ನಿಜ, ಕೊಂದ ಗುಂಪುಗಳು ನಿಜ. ಇಡೀ ದೇಶಕ್ಕೆ ಹಬ್ಬಿದ ಒಂದೇ ಪಂಥ, ಒಂದೇ ವ್ರತ, ತಲೆತಲಾಂತರದ ಕಸುಬು ಅನ್ನೋದಕ್ಕೆ ಸಾಕ್ಷಿಗಳ ಬಾಯಿಮಾತು ಬಿಟ್ಟು ಗಟ್ಟಿ ಆಧಾರ ಕಾಣಲಿಲ್ಲ.

ನಮ್ಮ ನಾಡೂ ಈ ಫೈಲಿನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ದಿನಕ್ಕೆ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಫಾಸಿಗಾರರು, ಅಂದರೆ ಕುತ್ತಿಗೆಗೆ ಕುಣಿಕೆ ಹಾಕಿ ಕೊಲ್ಲುವವರು, ಸಿಕ್ಕಿಬಿದ್ದಿದ್ದರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಇವರ ಬಗ್ಗೆ ಒಂದು ಲೇಖನ ಬರೆದ. ಕನ್ನಡದಲ್ಲಿ ಇವರಿಗೆ ತಂತಿ ಕಳ್ಳರು ಅನ್ನುತ್ತಾರೆ ಅಂತ ಅದರಲ್ಲಿದೆ. ಅಂದರೆ ಸ್ಲೀಮನ್ ಹೆಸರು ಮಾಡುವ ಮೊದಲೇ ನಮ್ಮ ದಾರಿಗಳಲ್ಲೂ ಜನ ಕತ್ತು ಹಿಸುಕಿಸಿಕೊಂಡು ಸತ್ತಿದ್ದಾರೆ. ಅವರ ಪರವಾಗಿ ಯಾವ ಕಾದಂಬರಿಯೂ ಬರಲಿಲ್ಲ.

ಕಾನೂನಿನ ಕಡೆ ತಿರುಗಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. 1836ರ 30ನೇ ಆ್ಯಕ್ಟ್ ಒಂದು ಪುಟವೂ ಆಗದಷ್ಟು ಚಿಕ್ಕದು. ಥಗ್ಗರ ಗುಂಪಿಗೆ ಸೇರಿದ್ದ ಅಂತ ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಸಜೆ. ಇಂಥ ಕೊಲೆ ಮಾಡಿದ ಅಂತ ತೋರಿಸಬೇಕಿಲ್ಲ. ಆ್ಯಕ್ಟ್ ಬರುವ ಮೊದಲು ಸೇರಿದ್ದರೂ ಸರಿ, ಕಂಪನಿಯ ಸೀಮೆಯ ಹೊರಗೆ ಸೇರಿದ್ದರೂ ಸರಿ. ಹಿಂದಿನದಕ್ಕೆ ಅನ್ವಯಿಸುವ ಶಿಕ್ಷೆ. ಇವತ್ತು ನಮ್ಮ ಸಂವಿಧಾನದ 20ನೇ ವಿಧಿ ಇಂಥದ್ದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಮರುವರ್ಷ, 1837ರಲ್ಲಿ, ಶಿಕ್ಷೆಯಾದವನೂ ಸಾಕ್ಷಿ ಹೇಳಬಹುದು ಅಂತ ಇನ್ನೊಂದು ಆ್ಯಕ್ಟ್ ಬಂತು. ಮಾಫಿ ಸಾಕ್ಷಿ ಬೆರಳು ತೋರಿಸಿದರೆ ಮುಗಿಯಿತು.

ನಮ್ಮ ಆಫೀಸಿನ ಹಿರಿಯ ವಕೀಲರ ಹತ್ತಿರ ಇದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಲ್ಲಿಗೇ ನಿಲ್ಲಬ್ಯಾಡ್ರಿ, 1871ಕ್ಕೂ ಹೋಗ್ರಿ. ನಮ್ಮ ಹುಬ್ಬಳ್ಳಿ ಸೆಟ್ಲಮೆಂಟ್ ಎಲ್ಲಿಂದ ಬಂತು ಅಂತ ತಿಳೀತದ,” ಅಂದರು.

ಹೋದೆ. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಇಡೀ ಸಮುದಾಯವನ್ನೇ ಹುಟ್ಟಿನಿಂದ ಅಪರಾಧಿ ಅಂತ ಪಟ್ಟಿ ಮಾಡಿದ ಕಾನೂನು. ಕಳ್ಳತನ ಮನೆತನದ ಕಸುಬು, ಮಗ ಅಪ್ಪನಿಂದ ಕಲಿಯುತ್ತಾನೆ, ತಿದ್ದಲಾಗದು ಅನ್ನುವ ನಂಬಿಕೆ ಥಗ್ಗರ ಕಾಲದಲ್ಲಿ ಬಲಿತದ್ದು, ಇಲ್ಲಿ ಹಣ್ಣಾಯಿತು. 1911ರಲ್ಲಿ ಕಾನೂನು ದಕ್ಷಿಣಕ್ಕೂ ಬಂತು. ಹುಬ್ಬಳ್ಳಿ, ಗದಗದಲ್ಲಿ ಸೆಟ್ಲಮೆಂಟುಗಳಾದವು. ಸುತ್ತ ತಂತಿ ಬೇಲಿ, ದಿನಾ ಹಾಜರಿ, ಊರು ಬಿಡಲು ಪರವಾನಗಿ. 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯಲ್ಲಿ ಆ ಪ್ರದೇಶಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಅಲ್ಲಿಯ ವಿಳಾಸ ಹೇಳಿದರೆ ಕೆಲಸ ಕೊಡಲು ಹಿಂಜರಿಯುವವರನ್ನು ನಾನೇ ನೋಡಿದ್ದೇನೆ. ಇನ್ನೊಂದು ಸಂಗತಿ ನನಗೆ ತುಂಬಾ ಚುಚ್ಚಿತು. ಪಾಲುಗಾರನ ಮಾತನ್ನು ಸುಮ್ಸುಮ್ನೆ ನಂಬಬೇಡಿ ಅಂದ ಎವಿಡೆನ್ಸ್ ಆ್ಯಕ್ಟೂ ಈ ಕಾನೂನೂ ಬಂದದ್ದು ಒಬ್ಬನೇ ಕಾನೂನು ಸದಸ್ಯನ ಕಾಲದಲ್ಲಿ, ಫಿಟ್ಜ್‌ಜೇಮ್ಸ್ ಸ್ಟೀಫನ್ ವೈಸ್‌ರಾಯ್ ಕೌನ್ಸಿಲ್ಲಿನಲ್ಲಿದ್ದಾಗ.

ಇಷ್ಟಾದ ಮೇಲೆ ಕಾದಂಬರಿಯನ್ನು ಮತ್ತೆ ತೆರೆದೆ. ಆಗ ಅದರಲ್ಲಿ ಒಂದು ವಿಷಯ ಎದ್ದು ಕಂಡಿತು. ಅಮೀರ್ ಅಲಿ ಪಠಾಣನ ಮಗ. ಅವನ ರಕ್ತದಲ್ಲಿ ಏನೂ ಇರಲಿಲ್ಲ. ಹೆತ್ತವರನ್ನು ಕೊಂದವರೇ ಅವನನ್ನು ಸಾಕಿದರು, ಪ್ರೀತಿಯಿಂದ ಸಾಕಿದರು. ಆ ಪ್ರೀತಿಯೇ ಅವನನ್ನು ಥಗ್ ಮಾಡಿತು. ಇಸ್ಮಾಯಿಲ್ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಮಾತಾಡಿಸುವ ಪುಟಗಳನ್ನು ಓದಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಕಾನೂನು ಹುಟ್ಟನ್ನು ನೋಡಿತು. ಟೇಲರ್ ಬೆಳೆದದ್ದನ್ನು ನೋಡಿದ. ಅವನ ಪುಸ್ತಕದಲ್ಲಿ ಬಿಳಿಯರ ಹೊಗಳಿಕೆ ಇದೆ, ಪೂರ್ವದೇಶದ ಕತ್ತಲೆಯ ಬಗ್ಗೆ ಉದ್ದುದ್ದ ಮಾತಿದೆ, ಅದೆಲ್ಲ ಬೇಸರ ತರಿಸುತ್ತದೆ. ಆದರೂ ಈ ಒಂದು ಕಾರಣಕ್ಕೆ ಕಾದಂಬರಿ ತನ್ನ ಕಾಲದ ಕಾನೂನಿಗಿಂತ ಜಾಸ್ತಿ ನ್ಯಾಯವಾಗಿದೆ ಅಂತ ನನಗೆ ಗಟ್ಟಿಯಾಗಿ ಅನಿಸಿತು.

ಬರೆದವನನ್ನು ಹತ್ತಿರದಿಂದ ನೋಡಬೇಕು ಅನಿಸಿ ಸುರಪುರಕ್ಕೆ ಹೊರಟೆ. ಜೇವರ್ಗಿ ದಾಟಿ, ಶಹಾಪುರದಲ್ಲಿ ಬುದ್ಧ ಮಲಗಿದ ಬೆಟ್ಟ ನೋಡಿಕೊಂಡು ಹೋದರೆ ಮುಂದೆ ಬರೀ ಬಂಡೆಗಲ್ಲಿನ ಗುಡ್ಡಗಳು. ಟೇಲರ್ 1841ರಿಂದ 1853ರವರೆಗೆ ಇಲ್ಲಿದ್ದ. ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಮಗು. ಅವನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡವನು ಟೇಲರ್. ಬಿಡುವಿನಲ್ಲಿ ರಾಜನಕೋಳೂರಿನಂಥ ಊರುಗಳ ಶಿಲಾ ಸಮಾಧಿಗಳನ್ನು ಅಳತೆ ಮಾಡಿ ಬರೆದಿಟ್ಟ. ಹೆಣ ಹೂತ ಜಾಗಗಳ ಹುಡುಕಾಟ ಇಲ್ಲಿ ಬೇರೆ ರೂಪದಲ್ಲಿ ಮುಂದುವರಿಯಿತು ಅನ್ನಬಹುದೇನೋ.

ಮಂಜಿಲ್ ಹತ್ತಿರ ಸಿಕ್ಕ ಹಿರಿಯರೊಬ್ಬರು, “ಟೇಲರ್ ಸಾಹೇಬ್ರ ಬಂಗ್ಲಾ ನೋಡಾಕ ಬಂದ್ರೇನ್ರಿ?” ಅಂತ ವಿಚಾರಿಸಿದರು. ಹೌದು ಅಜ್ಜಾರೆ ಅಂದೆ. “ಸಾಹೇಬ್ರು ಚೊಲೋ ಮನಷ್ಯಾ ಅಂತಾರ್ರಿ. ಆದ್ರ ನಮ್ಮ ರಾಜರದು ಭಾಳ ಕೆಟ್ಟಾತು,” ಅಂದರು. ಅಲ್ಲೇ ನೆರಳಿನಲ್ಲಿ ಕೂತು ಆತ್ಮಕಥೆಯ ಪ್ರಿಂಟ್ ತೆಗೆದೆ. ಟೇಲರ್ ಸತ್ತ ಮರುವರ್ಷ, 1877ರಲ್ಲಿ ಬಂದ ಪುಸ್ತಕ.

ಮಗುವಾಗಿದ್ದ ರಾಜ ಟೇಲರನನ್ನು ಅಪ್ಪ ಅಂತಲೇ ಕರೆಯುತ್ತಿದ್ದ. ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಟೇಲರ್ ಅವನನ್ನು ಜೈಲಿನಲ್ಲಿ ನೋಡಲು ಹೋದ. ನಿನ್ನನ್ನು ಎಬ್ಬಿಸಿದವರು ಯಾರು ಹೇಳು, ಜೀವ ಉಳಿಯಬಹುದು ಅನ್ನುವ ಮಾತು ಬಂತು. ರಾಜ ಹೆಸರು ಹೇಳಲಿಲ್ಲ. ಸಾಯಿಸುವುದಾದರೆ ಕಳ್ಳನ ಹಾಗೆ ನೇಣು ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಅಂದ. ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆ ಅಂತಾಯಿತು. ಮದರಾಸಿನ ಕಡೆ ಒಯ್ಯುವಾಗ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ತೀರಿಕೊಂಡ. ತಾನೇ ಹಾರಿಸಿಕೊಂಡ ಅಂತ ಟೇಲರ್ ಬರೆದಿದ್ದಾನೆ.

ಹೆಸರು ಹೇಳಿ ಬದುಕಿದ ಅಮೀರ್ ಅಲಿಯ ಮಾತನ್ನು ಟೇಲರ್ ಮೂರು ಸಂಪುಟದಷ್ಟು ಬರೆದ. ಹೆಸರು ಹೇಳದ ವೆಂಕಟಪ್ಪ ನಾಯಕನಿಗೆ ಆತ್ಮಕಥೆಯಲ್ಲಿ ಕೆಲವೇ ಪುಟ ಸಿಕ್ಕಿತು. ಆ ಪುಟಗಳನ್ನು ಅವನು ನೋವಿನಿಂದಲೇ ಬರೆದಿದ್ದಾನೆ. ಆದರೆ ನಮ್ಮ ಲೆಕ್ಕದಲ್ಲಿ ಅದೂ ಒಬ್ಬನೇ ಸಾಕ್ಷಿಯ ಮಾತು. ಗುಂಡು ಹಾರಿದಾಗ ಟೇಲರ್ ಅಲ್ಲಿರಲಿಲ್ಲ. ರಾಜನ ವಿಚಾರಣೆಯ ಕಾಗದಗಳು, ಆ ದಾರಿಯ ಕಾವಲಿನವರ ಹೇಳಿಕೆಗಳು ಬೇಕು. ಈಗ ಅವನ್ನು ಹುಡುಕುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ರಾಜನ ಹೆಸರು ಬರೆದಿದ್ದೇನೆ, ನೋಡಿದವರು ಯಾರು ಅನ್ನುವ ಜಾಗ ಖಾಲಿ ಇದೆ.